ಮದಾರಸಾಬರ ನೀಲಿ

ನಮ್ಮೂರಿನಲ್ಲಿ ಹೊತ್ತು ಮುಳುಗಿದ ಮೇಲೆ ಬಣ್ಣಗಳು ಇರುವುದಿಲ್ಲ. ಹಾಗಾಗಿ ನನ್ನ ಅಂಗಡಿಯ ಬಾಗಿಲು ಸಂಜೆ ಆರಕ್ಕೇ ಮುಚ್ಚುತ್ತದೆ. ಸೀರೆಗೆ ಫಾಲ್ ಹಚ್ಚುವುದು, ಅಂಚಿಗೆ ಪಿಕೋ ಹಾಕುವುದು ನನ್ನ ಕೆಲಸ. ದಾರ ಸೀರೆಗೆ ಹೊಂದಬೇಕು. ಎಷ್ಟು ದೊಡ್ಡ ಬಲ್ಬು ಹಾಕಿಕೊಂಡು ಕೂತರೂ ಗಿಳಿಹಸಿರು, ಕುಂಕುಮಗೆಂಪು ಎಲ್ಲವೂ ಒಂದೇ ಬೂದಿಯಾಗಿ ಕಾಣುವ ಹೊತ್ತಿನಲ್ಲಿ ಯಾರು ತಾನೇ ದಾರ ಹೊಂದಿಸಿಯಾರು? ಇಲ್ಲಿಯ ಜನ ಇದನ್ನು ದೊಡ್ಡ ವಿಷಯ ಮಾಡುವುದಿಲ್ಲ. ಹಣ್ಣು, ಟೊಮ್ಯಾಟೊಗಳನ್ನು ಬೆಳಕಿದ್ದಾಗಲೇ ಆರಿಸಿ ಕೊಳ್ಳುತ್ತಾರೆ. ಮದುವೆಗಳೆಲ್ಲ ಹಗಲಿನವು. ಕಾಮಾಲೆಯ ಅನುಮಾನವಿದ್ದವರಿಗೆ ಡಾಕ್ಟರು "ಮುಂಜಾನೆ ಬರ್ರಿ, ಕಣ್ಣು ನೋಡೂಣು" ಎನ್ನುತ್ತಾರೆ. ನನ್ನ ಗಿರಾಕಿ ಒಬ್ಬಳಿದ್ದಾಳೆ, ಗಂಡ ತೀರಿ ಹನ್ನೊಂದು ವರ್ಷವಾಯಿತು. ತನ್ನ ಧಾರೆಯ ಕೆಂಪು ಸೀರೆಯನ್ನು ಆಕೆ ಕತ್ತಲಾದ ಮೇಲೆ ಉಟ್ಟು ಕೆರೆಯ ದಂಡೆಗೆ ತಿರುಗಾಡಲು ಹೋಗುತ್ತಾಳೆ. ಅದು ಗೊತ್ತಿರುವುದು ಅವಳಿಗೆ, ಬಿಟ್ಟರೆ ಅದರ ಅಂಚು ಹೊಲಿದ ನನಗೆ.

ನನ್ನ ಹೆಸರು ಇಂದುಮತಿ. ಊರವರಿಗೆ ಇಂದವ್ವ. ವಯಸ್ಸು ಐವತ್ತೆರಡು, ಇರುವುದು ಒಬ್ಬಳೇ. ಹೋದ ವರ್ಷ ನನ್ನ ತಂಗಿಯ ಮಗಳು ತೇಜು ಹೊಸ ಕ್ಯಾಮೆರಾ ಕೊಂಡು, ಹಳೆಯದನ್ನು ನನ್ನ ಕೈಗೆ ಹಾಕಿದಳು. "ದೊಡ್ಡವ್ವಾ, ಸಂಜಿ ಆತಂದ್ರ ಸುಮ್ನ ಕುಂತಿರ್ತೀ. ಏನಾರ ಫೋಟೋ ತಗಿ" ಅಂದಳು. ಯಾವ ಗುಂಡಿ ಏತಕ್ಕೆ ಎಂದು ಅರ್ಧ ಗಂಟೆ ಹೇಳಿಕೊಟ್ಟು, ತನ್ನ ಊರಿನ ಬಸ್ಸು ಹಿಡಿದಳು. ಅವಳು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಕಾಲುಭಾಗ. ಆದರೂ ಸಂಜೆಗಳಿಗೊಂದು ಕೆಲಸ ಸಿಕ್ಕಿತು. ಬೀದಿ, ಕೆರೆ, ಬಾವಿಕಟ್ಟೆ, ಮನೆಗೆ ಮರಳುವ ಎಮ್ಮೆಗಳು ಎಂದು ಕಂಡದ್ದನ್ನೆಲ್ಲ ತೆಗೆದೆ. ರಾತ್ರಿ ತೆಗೆದ ಚಿತ್ರ ರಾತ್ರಿಯಿಡೀ ಬೂದಿಯಾಗಿಯೇ ಇರುತ್ತದೆ. ಬೆಳಗಾದ ಮೇಲೆ ಅದೇ ಚಿತ್ರವನ್ನು ತೆರೆದರೆ ನಮಗೆ ಕಾಣದೇ ಹೋದ ಬಣ್ಣಗಳೆಲ್ಲ ಅದರಲ್ಲಿ ಇರುತ್ತವೆ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ನನಗೆ ಮಾತ್ರ ದಿನವೂ ಹೊಸದಾಗಿತ್ತು.

ನನ್ನ ಮನೆಗೆ ಒಂದು ಗೋಡೆಯಾಚೆ ಮದಾರಸಾಬರ ಮನೆ. ಬಾಣ ಬಿರುಸು ಮಾಡುವುದು ಅವರ ಮನೆತನದ ಕಸುಬು. ಸುತ್ತಲಿನ ಊರುಗಳ ಜಾತ್ರೆ, ಮದುವೆ, ಉರುಸುಗಳಿಗೆಲ್ಲ ಅವರ ಬಾಣಗಳೇ ಹೋಗುತ್ತಿದ್ದವು. ನಮ್ಮ ಊರಿನಲ್ಲಿ ಹಾರಿಸುವುದು ವರ್ಷಕ್ಕೊಮ್ಮೆ, ಕೆರೆ ತುಂಬಿ ಕೋಡಿ ಹರಿದ ಸಂಜೆ. ಆಕಾಶದಲ್ಲಿ ಬಿಳಿಬೂದಿಯ ಹೂಗಳು ಅರಳಿ ಉದುರುವುದನ್ನು ಊರೆಲ್ಲ ನಿಂತು ನೋಡುತ್ತಿತ್ತು. ಅವುಗಳಲ್ಲಿ ಕೆಂಪು ಯಾವುದು, ಹಸಿರು ಯಾವುದು ಎಂದು ಹೇಳಬಲ್ಲವರು ಮದಾರಸಾಬರು ಒಬ್ಬರೇ. ಅದೂ ಕಂಡು ಹೇಳುತ್ತಿದ್ದುದಲ್ಲ, ತಾವು ತುಂಬಿದ ಮದ್ದಿನ ಲೆಕ್ಕದಿಂದ. ಕೆಂಪು ಹಸಿರುಗಳ ಬಗ್ಗೆ ಅವರಿಗೆ ಚಿಂತೆಯಿರಲಿಲ್ಲ. ತಾಮ್ರದ ಪುಡಿಯಿಂದ ಬರುವ ನೀಲಿ ಬಲು ಕಷ್ಟದ್ದಂತೆ. ಉರಿ ಒಂದಿಷ್ಟು ಹೆಚ್ಚಾದರೂ ಬಣ್ಣ ಸುಟ್ಟುಹೋಗುತ್ತದಂತೆ. ಇಪ್ಪತ್ತೆಂಟು ವರ್ಷ ಅವರು ಆ ನೀಲಿಯ ಹಿಂದೆ ಬಿದ್ದಿದ್ದರು. ಬೇರೆ ಊರಿನವರು ಚೆನ್ನಾಗಿದೆ ಎಂದರೂ ಕೊಂಡವರ ಹೊಗಳಿಕೆಯನ್ನು ಅವರು ನಂಬುತ್ತಿರಲಿಲ್ಲ. ಹೊಳೆಯಾಚೆ ರಾತ್ರಿಯೂ ಬಣ್ಣಗಳಿರುತ್ತವೆ; ದಾಟಿ ಪಕ್ಕದ ಊರಿಗೆ ಹೋಗಿ ಒಂದು ರಾತ್ರಿ ನಿಂತಿದ್ದರೆ ತಮ್ಮ ಬಾಣ ತಾವೇ ನೋಡಬಹುದಿತ್ತು. ಕೇಳಿದರೆ, "ಸೀಜನ್ನಿನ್ಯಾಗ ಪುರಸೊತ್ತು ಎಲ್ಲೈತವ್ವಾ" ಅನ್ನುತ್ತಿದ್ದರು.

ಮಳೆಗಾಲ ಶುರುವಾದಾಗ ಒಂದು ಮಧ್ಯಾಹ್ನ ಅವರ ಹೆಂಡತಿ ಖೈರೂನ್ ಚಿಗವ್ವ ಸೀರೆಯೊಂದನ್ನು ಹಿಡಿದು ಅಂಗಡಿಗೆ ಬಂದಳು. ಸೀರೆಯನ್ನು ಕೊಡಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಕೂತಳು.

"ಇಂದವ್ವಾ, ಅವ್ರ ಕಣ್ಣು ಹೋಗಾಕತ್ತಾವು."

ನಾನು ಮಶೀನು ನಿಲ್ಲಿಸಿದೆ.

"ಡಾಕ್ಟರು ಇನ್ನೊಂದು ವರ್ಷ ಅಂದಾರ. ದೂರದ್ದೆಲ್ಲಾ ಮಂಜು ಮಂಜು ಅಂತಾರ, ಹತ್ರ ಹಿಡಿದ್ರ ಇನ್ನೂ ಕಾಣ್ತೈತಿ. ನಿನ್ನ ಹತ್ರ ಆ ಪೆಟಿಗಿ ಐತೆಲ್ಲ. ಈ ಸಲ ಕೋಡಿ ದಿನ ಬಾಣದ ಫೋಟೋ ತಗೀತೀಯೇನು? ಕಣ್ಣು ಮುಚ್ಚೂದ್ರೊಳಗ ತಮ್ಮ ನೀಲಿ ಒಮ್ಮೆರ ನೋಡ್ಲಿ."

"ಚಿಗವ್ವಾ, ನಾ ಇನ್ನಾ ಕಲಿಯೂ ಹುಡಿಗಿ. ಎಮ್ಮಿ ನಿಂತ್ರ ತಗೀತೀನಿ, ಓಡಿದ್ರ ಬರೂದಿಲ್ಲ. ಬಾಣ ಹೆಂಗ ತಗೀಲಿ?"

"ನೀ ಬಣ್ಣ ತಿಳಿದಾಕಿ. ಅಷ್ಟ ಸಾಕು" ಎಂದು ಅವಳು ಎದ್ದಳು. ಸೀರೆಯನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡೇ ಹೋದಳು.

ಆಷಾಢದ ಕೊನೆಗೆ ಕೆರೆ ಕೋಡಿ ಬಿತ್ತು. ದಂಡೆಯ ಮೇಲೆ ನಾನು ಕ್ಯಾಮೆರಾ ಹಿಡಿದು ನಿಂತದ್ದನ್ನು ಕಂಡು ಮದಾರಸಾಬರು ಹತ್ತಿರ ಬಂದರು. ನನ್ನ ಮುಖವನ್ನು ಗುರುತಿಸಲು ಅವರು ತಲೆ ಓರೆ ಮಾಡಿದ್ದನ್ನು ಅವತ್ತೇ ನಾನು ಗಮನಿಸಿದ್ದು.

"ಇಂದವ್ವ ಏನು? ಬಾಣದ ಫೋಟೋ ತಗೀತೀ?"

"ನೀವು ಹೂಂ ಅಂದ್ರ ತಗೀತೀನ್ರಿ ಕಾಕಾ."

ಅವರು ಕ್ಯಾಮೆರಾವನ್ನು ಒಮ್ಮೆ ಬೆರಳಿನಿಂದ ತಡವಿ ನೋಡಿದರು. ಆಮೇಲೆ, "ಹೂಂ. ತಗಿ. ಕಡೀ ನಾಕು ನೀಲಿ ಅದಾವು" ಅಂದು, ಬತ್ತಿಗಳ ಕಡೆ ನಡೆದರು.

ಮೊದಲ ಬಾಣಕ್ಕೆ ನಾನು ಫ್ಲ್ಯಾಶ್ ಹಾಕಿಯೇ ಒತ್ತಿಬಿಟ್ಟೆ. ಎದುರಿಗೆ ನಿಂತವರ ಬೆನ್ನು, ಜಡೆಗಳು ಬೆಳಗಿದವೇ ಹೊರತು ಆಕಾಶ ಕಪ್ಪಾಗಿಯೇ ಉಳಿಯಿತು. ಎರಡನೆಯದು, ಮೂರನೆಯದು ಕೈ ನಡುಗಿ ಹುಳ ಹರಿದಂತೆ ಬಂದವು. ಆಮೇಲೆ ಒಂದು ಕಲ್ಲಿನ ಮೇಲೆ ಸೆರಗಿನ ಸಿಂಬಿ ಮಾಡಿ ಕ್ಯಾಮೆರಾ ಇಟ್ಟೆ. ಕತ್ತಲೆ ಹೆಚ್ಚಿದೆ, ಆದ್ದರಿಂದ ಬೆಳಕು ಹೆಚ್ಚು ಬೇಕು ಎಂದು ನನಗೆ ನಾನೇ ತರ್ಕ ಮಾಡಿಕೊಂಡು, ತಿರುಗಿಸಬಹುದಾದ ಗಾಲಿಗಳನ್ನೆಲ್ಲ ಕೊನೆಯವರೆಗೂ ತಿರುಗಿಸಿದೆ. ಆಗ ಪರದೆಯ ಮೇಲೆ ತುಂಬಿಕೊಂಡ ಹೂಗಳು ಕಂಡವು, ದೊಡ್ಡವು, ಹೊಳೆಯುವಂಥವು. ಹನ್ನೊಂದು ಚಿತ್ರ ಸಿಕ್ಕವು, ಕೊನೆಯ ನಾಲ್ಕೂ ಅವುಗಳಲ್ಲಿ ಇದ್ದವು. ಅವತ್ತು ಮನೆಗೆ ಹೋಗುವಾಗ ನಾನು ಹಾಡು ಗುನುಗುತ್ತಿದ್ದೆ ಎಂದು ಆಮೇಲೆ ಯಾರೋ ಹೇಳಿದರು.

ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುವ ಮೊದಲೇ ಮದಾರಸಾಬರು ಬಾಗಿಲಿಗೆ ಬಂದು ನಿಂತಿದ್ದರು. ನಾನಿನ್ನೂ ಚಿತ್ರಗಳನ್ನು ನೋಡಿರಲಿಲ್ಲ. ಮೊದಲೇ ನೋಡಬೇಕಾಗಿತ್ತು. ಇಬ್ಬರೂ ಕಟ್ಟೆಯ ಮೇಲೆ ಕೂತು ಒಟ್ಟಿಗೆ ತೆರೆದೆವು. ಕೆರೆಯ ದಂಡೆ ಹಸಿರಾಗಿತ್ತು, ಜನರ ರುಮಾಲು, ಕುಪ್ಪಸಗಳಲ್ಲಿ ಬಣ್ಣ ಬಂದಿತ್ತು. ಆಕಾಶದ ಹೂಗಳು ಮಾತ್ರ ಬಿಳಿ. ಹನ್ನೊಂದೂ ಬಿಳಿ. ಮಲ್ಲಿಗೆ ಬುಟ್ಟಿ ಮಗುಚಿದಷ್ಟು ಬಿಳಿ.

ಅವರು ಕ್ಯಾಮೆರಾವನ್ನು ಮೂಗಿನ ತುದಿಯವರೆಗೆ ತಂದುಕೊಂಡು ಒಂದೊಂದನ್ನೇ ನೋಡಿದರು.

"ಕಡೀ ನಾಕು ಇವ ಏನು?"

"ಹೌದ್ರಿ ಕಾಕಾ."

"ಬಿಳೇದು ಕಾಣ್ತಾವು ನನಗ. ನಿನಗ?"

"ಬಿಳೇದ ಅದಾವ್ರಿ" ಅಂದೆ.

ಅಂದುಬಿಟ್ಟೆ. ಕಂಡದ್ದನ್ನು ಹೇಳಿದೆ ಅಂತ ಆಗ ಅಂದುಕೊಂಡೆ. ಅವರು ಕ್ಯಾಮೆರಾವನ್ನು ಕೂಸಿನಂತೆ ಜೋಪಾನವಾಗಿ ನನ್ನ ಮಡಿಲಿಗೆ ಇಟ್ಟರು. "ಸುಣ್ಣ" ಎಂದು ಸಣ್ಣಗೆ ನಕ್ಕರು. "ಇಪ್ಪತ್ತೆಂಟು ವರ್ಷ ಆಕಾಶಕ್ಕ ಸುಣ್ಣಾ ಹಚ್ಚೀನಿ."

ಅವತ್ತೇ ಊರಾಚೆಯ ಮದ್ದಿನ ಕೋಣೆಗೆ ಬೀಗ ಬಿತ್ತು. ಆರ್ಡರು ಹಿಡಿದು ಬಂದವರನ್ನು ಅವರು ಮಾತಾಡಿಸದೆ ಹಿಂದಕ್ಕೆ ಕಳಿಸಿದರು. ಬೆಳಗಿನಿಂದ ಸಂಜೆಯವರೆಗೆ ಮನೆಯ ಕಟ್ಟೆಯ ಮೇಲೆ ಕೈಗಳನ್ನು ಮಡಚಿಕೊಂಡು ಕೂತಿರುತ್ತಿದ್ದರು. ಗೋಡೆಯಾಚೆಯಿಂದ ಊಟಕ್ಕೆ ಕರೆಯುವ ಚಿಗವ್ವನ ದನಿ ಮೂರು ಮೂರು ಸಲ ಕೇಳುತ್ತಿತ್ತು. ಒಂದು ದಿನ ಅವಳು ನನ್ನ ಹತ್ತಿರ ಹೇಳಿದಳು, "ಇವ್ರ ಅಪ್ಪನೂ ಹಿಂಗ ಮಾಡಿದ್ದ. ಹೊಳಿ ದಾಟಿ ಹೋಗಿ ತನ್ನ ಬಾಣ ನೋಡಿ ಬಂದವನು ಮತ್ತ ಮದ್ದು ಮುಟ್ಟಲಿಲ್ಲ. ಏನ್ ನೋಡಿದಾ ಅಂತ ಸಾಯೂತನಾ ಹೇಳಲಿಲ್ಲ. ಇವ್ರು ಒಮ್ಮಿನೂ ಹೊಳಿ ದಾಟದಿದ್ದುದು ಅದಕ್ಕ ನೋಡು, ಪುರಸೊತ್ತು ಇಲ್ಲದ್ದಕ್ಕಲ್ಲ." ಅವಳು ನನ್ನನ್ನು ದೂರಲಿಲ್ಲ. ಬೇಡಿದವಳು ತಾನೇ ಎಂಬ ಸಂಕಟ ಅವಳ ಮುಖದಲ್ಲಿತ್ತು.

ತಿಂಗಳು ಕಳೆಯಿತು. ಕ್ಯಾಮೆರಾದಲ್ಲಿ ಜಾಗ ಸಾಲದೆ ಹಳೆಯ ಚಿತ್ರಗಳನ್ನು ಅಳಿಸುತ್ತ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದೆ. ಬಾಣದ ಚಿತ್ರಗಳ ಸರದಿ ಬಂತು. ಅಳಿಸಲು ಬೆರಳು ಇಟ್ಟವಳು ಹಾಗೇ ತಡೆದೆ. ಚಿತ್ರದ ಮೂಲೆಯಲ್ಲಿ ಕೆರೆಯ ತೂಬಿನ ಕಟ್ಟೆ ಕಾಣುತ್ತಿತ್ತು. ಅದರ ಮೇಲೆ ಜನ ಹತ್ತದಿರಲಿ ಎಂದು ಒಂದು ದೀಪ ಕಟ್ಟಿರುತ್ತಾರೆ. ಅದರ ಗಾಜು ಕೆಂಪು. ಹಗಲು ದಂಡೆಗೆ ಹೋದವರೆಲ್ಲ ನೋಡಿದ್ದಾರೆ, ನಾನೂ ನೂರು ಸಲ ನೋಡಿದ್ದೇನೆ. ಈ ಚಿತ್ರದಲ್ಲಿ ಆ ದೀಪ ಬಿಳಿಯಾಗಿತ್ತು.

ಕೂಡಲೇ ತೇಜುಗೆ ಫೋನು ಮಾಡಿ, ಯಾವ ಗಾಲಿ ಎಲ್ಲಿತ್ತು ಎಂದು ಒಂದೊಂದಾಗಿ ಓದಿ ಹೇಳಿದೆ.

"ಅಯ್ಯ ದೊಡ್ಡವ್ವಾ!" ಅಂದಳು ಅವಳು. "ಐಎಸ್‌ಒ ಅಷ್ಟ್ ಮ್ಯಾಲ ಯಾಕ ಇಟ್ಟಿ? ಬೆಳಕು ಹೀರೂ ಅಳತಿ ಅದು. ಬಾಣ ಅಂದ್ರ ಅದ ಒಂದು ಬೆಳಕು. ಕತ್ತಲಿದ್ರೂ ಅದಕ್ಕ ಕಡಿಮಿ ಇಡಬೇಕು. ಬೆಳಕು ಹೆಚ್ಚಾಗಿ ಬಣ್ಣೆಲ್ಲಾ ತೊಳದು ಹೋಗೈತಿ. ಎಂಥಾ ಬಣ್ಣ ಇದ್ರೂ ಬಿಳೇದ ಬರ್ತೈತಿ."

ಫೋನಿಟ್ಟೆ. ಮೂವತ್ತು ವರ್ಷದಿಂದ ಸೀರೆಯ ಪಕ್ಕ ದಾರ ಹಿಡಿದು, ಒಂದು ಎಳೆ ಗಾಢವಾದರೂ ಬೇಡವೆಂದು ತೆಗೆದಿಟ್ಟ ಕಣ್ಣು ನನ್ನದು. ಬಿಳಿಯೇ ಎಂದು ಕೇಳಿದ ಮನುಷ್ಯನಿಗೆ ಮೂಲೆಯ ದೀಪವನ್ನೂ ನೋಡದೆ ಹೌದು ಅಂದಿದ್ದೆ. ಅಂಗಡಿ ಮುಚ್ಚದೆ ಹಾಗೇ ಎದ್ದು ನಡೆದೆ.

ಮದಾರಸಾಬರು ಕಟ್ಟೆಯ ಮೇಲೇ ಇದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ತಪ್ಪು ನಿಮ್ಮ ಮದ್ದಿನದಲ್ಲ, ನನ್ನದು ಅಂದೆ. ತೂಬಿನ ದೀಪ ತೋರಿಸಿದೆ. ಅವರು ಮೂಗಿನ ಹತ್ತಿರ ಹಿಡಿದು ನೋಡಿ, ಹಿಂದಕ್ಕೆ ಕೊಟ್ಟರು.

"ನನ್ನ ಸಮಾಧಾನಕ್ಕ ಹೇಳಾಕತ್ತೀ."

"ಆಣಿ ಮಾಡ್ತೀನ್ರಿ ಕಾಕಾ, ಸಮಾಧಾನಕ್ಕಲ್ಲ. ಕೆಂಪು ಗಾಜ ಬೆಳ್ಳಗಾಗೈತಿ ನೋಡ್ರಿ. ನಿಮ್ಮ ನೀಲಿನೂ ಹಂಗ ಆಗಿರಬೇಕು."

"ಆಗಿರಬೇಕು" ಎಂದು ಅವರು ನನ್ನ ಮಾತನ್ನೇ ತಿರುಗಿ ಅಂದರು. "ಆಗಿರದಿದ್ರ? ಇಂದವ್ವಾ, ಮೊದಲನೇ ಸಲ ನೋಡಾಕ ಇಪ್ಪತ್ತೆಂಟು ವರ್ಷ ಹಿಡೀತು. ಎರಡನೇ ಸಲ ನೋಡೂ ಧೈರ್ಯ ನನ್ನ ಕಡೆ ಇಲ್ಲ. ಬಿಟ್ಟುಬಿಡು."

ಬಾಗಿಲ ಹಿಂದೆ ನಿಂತಿದ್ದ ಚಿಗವ್ವ ಹೊರಗೆ ಬಂದಳು. "ಕೋಣ್ಯಾಗ ಇನ್ನಾ ಮೂರು ನೀಲಿ ಬಾಣ ಅದಾವು."

"ಇರ್ಲಿ."

"ಇರ್ಲಿ ಅಂದ್ರ? ನೀವು ಹಚ್ಚದಿದ್ರ ನಾ ಹಚ್ತೀನಿ."

"ನಿನಗ ಬತ್ತಿ ಹಚ್ಚಾಕ ಬರ್ತೈತೇನು?"

"ದಿನಾ ಮೂರು ಹೊತ್ತು ಒಲಿ ಹಚ್ತೀನಿ. ಬತ್ತಿ ಹಚ್ಚೂದೇನು ಅದಕ್ಕಿಂತ ದೊಡ್ಡದು?"

ಮದಾರಸಾಬರು ಅವಳ ಕಡೆ ತಿರುಗಿದರು. ಆ ದೂರದಿಂದ ಅವಳ ಮುಖ ಅವರಿಗೆ ಎಷ್ಟು ಕಂಡಿತೋ ತಿಳಿಯದು. "ಕೈ ಸುಟ್ಕೋತಿ. ನಾನ ಹಚ್ತೀನಿ" ಅಂದರು.

ನಾನು ಇಪ್ಪತ್ತು ದಿನ ಸಮಯ ಕೇಳಿದೆ. ಆ ಇಪ್ಪತ್ತು ಸಂಜೆ ಹಿತ್ತಲಿನಲ್ಲಿ ಸುರುಸುರು ಬತ್ತಿಗಳನ್ನು ಹೂಕುಂಡದಲ್ಲಿ ಚುಚ್ಚಿ ಹಚ್ಚಿ, ಸ್ಟೂಲಿನ ಮೇಲೆ ಮರಳಿನ ಚೀಲ, ಚೀಲದ ಮೇಲೆ ಕ್ಯಾಮೆರಾ ಇಟ್ಟು ಕಲಿತೆ. ತೇಜು ದಿನವೂ ಫೋನಿನಲ್ಲಿ ಒಂದೊಂದು ಹೇಳುತ್ತಿದ್ದಳು. ಐಎಸ್‌ಒ ನೂರಕ್ಕೆ ಇಳಿಸು. ದೂರದ ದೀಪವೊಂದಕ್ಕೆ ಮೊದಲೇ ಫೋಕಸ್ ಮಾಡಿ ಅಲ್ಲೇ ನಿಲ್ಲಿಸಿಬಿಡು, ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಹುಡುಕಿಕೊಳ್ಳುವುದಿಲ್ಲ. ಶಟರ್ ತೆರೆದೇ ಇಟ್ಟು, ಲೆನ್ಸಿನ ಮುಂದೆ ಕಪ್ಪು ಬಟ್ಟೆ ಹಿಡಿ, ಬೇಕಾದಾಗ ಮಾತ್ರ ತೆಗಿ. ಕಪ್ಪು ಲೈನಿಂಗ್ ಬಟ್ಟೆಗೆ ನನ್ನಲ್ಲಿ ಬರವೇ? ಯಾವ ಗಾಲಿ ಎಷ್ಟಿತ್ತು ಎಂದು ಅಳತೆಯ ಪುಸ್ತಕದಲ್ಲಿ ಗಿರಾಕಿಗಳ ತೋಳು, ಎದೆಯ ಅಳತೆಗಳ ಕೆಳಗೇ ಬರೆದಿಡುತ್ತಿದ್ದೆ. ಬೆಳಿಗ್ಗೆ ಎದ್ದು ಚಿತ್ರದ ಪಕ್ಕ ಸರಿ, ತಪ್ಪು ಹಾಕುತ್ತಿದ್ದೆ. ಹನ್ನೆರಡನೆಯ ಬೆಳಿಗ್ಗೆ ಸುರುಸುರು ಬತ್ತಿಯ ಕಿಡಿ ಬಂಗಾರದ ಬಣ್ಣಕ್ಕೆ ಕಂಡಾಗ, ಒಬ್ಬಳೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದೆ.

ಇಪ್ಪತ್ತೊಂದನೆಯ ಸಂಜೆ, ಬಣ್ಣಗಳು ಹೋಗಿ ಅರ್ಧ ಗಂಟೆಯಾದ ಮೇಲೆ, ನಾವು ಮೂವರೂ ಕೆರೆಯ ದಂಡೆಗೆ ಹೋದೆವು. ಯಾರಿಗೂ ಹೇಳಿರಲಿಲ್ಲ. ಮದಾರಸಾಬರು ಬಾಣಗಳನ್ನು ಕೈಯಿಂದ ತಡವಿ ನೋಡಿ, ನೆಟ್ಟರು. ಚಿಗವ್ವ ಲಾಟೀನು ಹಿಡಿದಳು. ನಾನು ಹತ್ತು ಮಾರು ದೂರದಲ್ಲಿ ಸ್ಟೂಲು ಊರಿದೆ.

ಮೊದಲ ಬಾಣ ಏರಿತು. ಬಟ್ಟೆ ತೆಗೆದೆ. ಆದರೆ ಹೂ ಬಿಡುವಷ್ಟರಲ್ಲಿ ಕೆಳಗಿನ ಹೊಗೆಯೆಲ್ಲ ತೇಲಿಕೊಂಡು ನನ್ನ ಮೇಲೆ ಬಂತು. ಕೆಮ್ಮುತ್ತ ಕಣ್ಣು ಒರೆಸಿಕೊಳ್ಳುವಾಗ ಮದಾರಸಾಬರು ಕತ್ತಲಲ್ಲಿ ಕೈ ಚಾಚಿಕೊಂಡು ನನ್ನ ಕಡೆ ಬಂದರು.

"ಗಾಳಿ ನಿನ್ನ ಮಾರಿಗೆ ಬಡಿಯಾಕತ್ತೈತಿ. ತಿಳಿಯಾಕಿಲ್ಲೇನು? ಬೆನ್ನಿಗೆ ತಗೋ. ಆ ಕಡೆ ನಡಿ" ಎಂದು ಅವರೇ ಸ್ಟೂಲಿನ ಒಂದು ಕಾಲು ಹಿಡಿದರು. ಒಂದೂವರೆ ತಿಂಗಳಲ್ಲಿ ಮೊದಲ ಸಲ ಅವರು ದನಿ ಏರಿಸಿ ಮಾತಾಡಿದ್ದು.

ಎರಡನೆಯದಕ್ಕೆ ಹೊಗೆ ಬರಲಿಲ್ಲ. ಆದರೆ ಸಿಡಿದ ಸದ್ದು ಕೇಳಿದ ಮೇಲೆ ನಾನು ಬಟ್ಟೆ ತೆಗೆದೆ. ಅಷ್ಟರಲ್ಲಿ ಹೂವಿನ ಪಕಳೆಗಳೆಲ್ಲ ಆರಿದ್ದವು. "ತಡಾ ಆತ್ರಿ ಕಾಕಾ" ಅಂದೆ. ನನ್ನ ದನಿ ಅಳುವಿಗೆ ಹತ್ತಿರವಿತ್ತು. ಉಳಿದದ್ದು ಒಂದೇ.

"ಸದ್ದಿಗೆ ಕಾದ್ರ ತಡನ ಆಗ್ತೈತಿ" ಎಂದರು ಅವರು, ಸಮಾಧಾನವಾಗಿ. "ಬಾಣ ಮ್ಯಾಲ ಹೋಗಿ ಒಂದ್ ಉಸರು ನಿಲ್ತೈತಿ. ಆವಾಗ ಹೂ ಬಿಡ್ತೈತಿ. ನಾ ಎಣಿಸ್ತೀನಿ. ನಾ ಅಂದಾಗ ಬಟ್ಟಿ ತಗಿ. ಮ್ಯಾಲ ನೋಡಬ್ಯಾಡ, ನನ್ನ ಮಾತು ಕೇಳು."

ಬತ್ತಿ ಹಚ್ಚಿ, ಚಿಗವ್ವನ ತೋಳು ಹಿಡಿದು ಬಿರಬಿರನೆ ಬಂದು ಅವರು ನನ್ನ ಪಕ್ಕದಲ್ಲಿ ನಿಂತರು. ಬಾಣ ಸುಂಯ್ಯೆಂದು ಏರಿತು. ಅವರಿಗೆ ಅದು ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿಯೇ ನಿಂತಿದ್ದರೋ ಏನೋ. "ಏಕ್... ದೋ... ತೀನ್..." ಅವರ ಉಸಿರು ನಿಂತಿತು. ನನ್ನ ಉಸಿರೂ ನಿಂತಿತು. "ಈಗ!"

ಬಟ್ಟೆ ತೆಗೆದೆ. ಹೇಳಿದಂತೆ ಮೇಲೆ ನೋಡಲಿಲ್ಲ. ಚಿಗವ್ವನ ಮುಖದ ಮೇಲೆ ಬೂದಿಬೆಳಕು ಅರಳಿ, ಮೆಲ್ಲಗೆ ಆರಿದ್ದನ್ನು ಮಾತ್ರ ಕಂಡೆ. ಬಟ್ಟೆ ಮುಚ್ಚಿದೆ.

ಆ ರಾತ್ರಿ ಕ್ಯಾಮೆರಾವನ್ನು ನಾನು ತೆರೆಯಲಿಲ್ಲ. ಬೆಳ್ಳಿ ಮೂಡುವ ಹೊತ್ತಿಗೆ ಅವರ ಮನೆಗೆ ಹೋದರೆ ಅವರು ಆಗಲೇ ಕಟ್ಟೆಯ ಮೇಲಿದ್ದರು. ಪಕ್ಕದಲ್ಲಿ ಕೂತೆ. ಒಳಗೆ ಚಿಗವ್ವ ಚಹಾಕ್ಕೆ ಇಡುತ್ತಿದ್ದ ಸದ್ದು ಕೇಳುತ್ತಿತ್ತು. ಮೊದಲು ಅವರ ಬಾಗಿಲಿಗೆ ಹಸಿರು ಬಂತು. ಆಮೇಲೆ ಅಂಗಳದ ಮಣ್ಣಿಗೆ ಕೆಂಪು. ನನ್ನ ಕೈಯ ಬಳೆಗಳಿಗೂ ಬಣ್ಣ ಮರಳಿದ ಮೇಲೆ, "ಕಾಕಾ, ನಾ ಮೊದ್ಲ ನೋಡ್ಲೇನ್ರಿ?" ಅಂದೆ.

"ಬ್ಯಾಡ. ಕೂಡೇ ನೋಡೂಣು."

ಮೊದಲನೆಯದರಲ್ಲಿ ಬರೀ ಹೊಗೆ. ಎರಡನೆಯದು ಕಪ್ಪು. ಮೂರನೆಯದನ್ನು ತೆರೆದೆ. ನಡುವಿನಿಂದ ಎಳೆ ಎಳೆಯಾಗಿ ಸುತ್ತಲೂ ಬಾಗಿ ಇಳಿದ ಒಂದು ಹೂ. ಏನೂ ಹೇಳದೆ ಅದನ್ನು ಅವರ ಕೈಗೆ ಕೊಟ್ಟೆ. ಅವರು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಒಂದು ಕಣ್ಣಿನಿಂದ ನೋಡಿದರು, ಇನ್ನೊಂದು ಕಣ್ಣಿನಿಂದ ನೋಡಿದರು.

"ಏನು ಕಾಣ್ತೈತಿ ನಿನಗ? ನನ್ನ ಕಣ್ಣು ನಾ ನಂಬವಲ್ಲೆ. ಖರೆ ಹೇಳು."

ಈ ಸಲ ನಾನು ಆತುರ ಮಾಡಲಿಲ್ಲ. ಮೂಲೆಯ ತೂಬಿನ ದೀಪ ನೋಡಿದೆ. ಕೆಂಪಾಗಿತ್ತು. ಆಮೇಲೆ ಹೂ ನೋಡಿದೆ.

"ನೀಲಿ ಐತ್ರಿ ಕಾಕಾ. ಅಗಸಿ ಹೂವಿನ ನೀಲಿ. ಹೊಲದಾಗ ಮುಂಜಾನೆ ಇರ್ತೈತೆಲ್ರಿ, ಹಂಗ."

"ಸಮಾಧಾನಕ್ಕಲ್ಲ?"

"ಅಲ್ರಿ."

ಅವರು ಮತ್ತೆ ನೋಡಿದರು. "ತುದೀಗೆ ತೆಳ್ಳಗಾಗೈತಿ" ಅಂದರು. ಇನ್ನೂ ಒಂದು ಸಲ ನೋಡಿ, "ಇನ್ನಾ ಸ್ವಲ್ಪ ನುಣ್ಣಗ ಅರೀಬೇಕಿತ್ತು" ಅಂದರು. ಅಂದು, ಕಣ್ಣೊರೆಸಿಕೊಳ್ಳದೆಯೇ ಒಳಗೆ ಕೂಗಿದರು, "ಖೈರೂನ್, ಬಾ ಇಲ್ಲಿ!"

"ನೀವ ನೋಡ್ರಿ. ಚಹಾ ಉಕ್ಕತೈತಿ" ಎಂದಳು ಒಳಗಿನಿಂದ. "ಅದರಾಗ ನಂದೇನೈತಿ."

ಮದಾರಸಾಬರು ಎದ್ದು ನಿಂತರು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋದರು. "ಇಪ್ಪತ್ತೆಂಟು ವರ್ಷ ತಾಮ್ರ ಅರೆದಾಕಿ ಯಾರು? ನಾ ಏನು? ನಾ ಬರೇ ತುಂಬಿದೆ, ಹಚ್ಚಿದೆ. ಬಾ ಅಂದ್ರ ಬಾ."

ಅದು ನನಗೆ ಗೊತ್ತಿರಲಿಲ್ಲ. ಗೋಡೆಯಾಚೆಯಿಂದ ಮಧ್ಯಾಹ್ನಗಳಲ್ಲಿ ಕೇಳಿಬರುತ್ತಿದ್ದ ಒರಳಿನ ಸದ್ದನ್ನು ಇಷ್ಟು ವರ್ಷ ನಾನು ಮಸಾಲೆಯದೆಂದೇ ಎಣಿಸಿದ್ದೆ.

ಚಿಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವರು ತಾವು ಕೂತಿದ್ದ ಜಾಗದಲ್ಲಿ ಅವಳನ್ನು ಕೂರಿಸಿದರು. ಕ್ಯಾಮೆರಾವನ್ನು ಹೇಗೆ ಹಿಡಿಯುವುದೆಂದು ತಿಳಿಯದೆ ಅವಳು ಎರಡೂ ಅಂಗೈಗಳನ್ನು ಚಾಚಿದಳು. ಅದರ ಮೇಲೆ ಇಟ್ಟೆ. ಅವಳು ನೋಡಿದಳು. ನೋಡುತ್ತಲೇ ಇದ್ದಳು. ಬೀದಿಯಲ್ಲಿ ಹಾಲಿನವನು ಕೂಗಿಕೊಂಡು ಹೋದ.

"ಇದು ಇಷ್ಟ್ ಚಂದ ಐತಿ ಅಂತ ಗೊತ್ತಿದ್ರ..." ಎಂದು ನಿಲ್ಲಿಸಿದಳು.

"ಗೊತ್ತಿದ್ರ?" ಎಂದರು ಮದಾರಸಾಬರು.

"ಅರಿಯೂ ಮುಂದ ನಿಮಗ ಅಷ್ಟ್ ಬೈತಿರಲಿಲ್ಲ."

ಅವರು ನಗಲು ಹೋದರು. ಅದು ನಗೆಯಾಗಿ ಮುಗಿಯಲಿಲ್ಲ. ಅವಳ ಪಕ್ಕದಲ್ಲಿ ಕೂತು, ಅವಳ ಕೈ ಹಿಡಿದು ಚಿತ್ರವನ್ನು ತಮ್ಮ ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಇಬ್ಬರ ತಲೆಗಳೂ ತಾಗಿದವು. ಒಳಗೆ ಚಹಾ ಉಕ್ಕಿ ಒಲೆಗೆ ಸುರಿದ ಸದ್ದಾಯಿತು. ನಮ್ಮ ಮೂವರಲ್ಲಿ ಯಾರೂ ಏಳಲಿಲ್ಲ.